ತಲೆ ಎಣಿಸಿದ್ದಾಯಿತು, ಬಸ್ಸೆಲ್ಲಿ?

ಸರ್ಕಾರ ಹಳ್ಳಿಗಳನ್ನು ಮರೆತಿದೆ ಎಂದು ಗೊಣಗುವವರು ಒಮ್ಮೆ ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿಯನ್ನು ತೆರೆದು ನೋಡಬೇಕು. ಹೆತ್ತ ತಾಯಿಯೂ ಮಗನ ಬಗ್ಗೆ ಇಷ್ಟು ವಿವರ ನೆನಪಿಟ್ಟುಕೊಂಡಿರಲಾರಳು. ಒಂದೊಂದು ಹಳ್ಳಿಗೂ ಅಲ್ಲಿ ಒಂದೊಂದು ಸಾಲು. ಶಾಲೆ ಉಂಟೇ, ಆಸ್ಪತ್ರೆ ಉಂಟೇ, ಬಾವಿಗೆ ಮುಚ್ಚಳ ಉಂಟೇ, ಪೇಪರ್ ಬರುತ್ತದೆಯೇ, ಸಿನಿಮಾ ಟಾಕೀಸು ಇದೆಯೇ, ಹುಟ್ಟು-ಸಾವು ಬರೆಸಲು ಕಚೇರಿ ಇದೆಯೇ, ಎಲ್ಲವನ್ನೂ ಕೇಳಿದ್ದಾರೆ. ಸಾರಿಗೆಯ ಸರದಿ ಬಂದಾಗಲಂತೂ ಇಲಾಖೆಗೆ ಹುರುಪು ತಡೆಯಲಾಗಿಲ್ಲ. ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ನಿಲ್ದಾಣ, ಆಟೊ, ಟ್ಯಾಕ್ಸಿ, ಟ್ರ್ಯಾಕ್ಟರು, ಸೈಕಲ್ ರಿಕ್ಷಾ, ಎತ್ತಿನ ಗಾಡಿ, ಡಾಂಬರು ರಸ್ತೆ, ಜಲ್ಲಿ ರಸ್ತೆ, ಸರ್ವಋತು ರಸ್ತೆ, ದೋಣಿ ಸಾಗುವ ಜಲಮಾರ್ಗ, ಏನೂ ಇಲ್ಲದಿದ್ದರೆ ಕಡೆಗೆ ಕಾಲುದಾರಿ.

ಇಷ್ಟೆಲ್ಲ ಕೇಳಿದ ಮೇಲೆ ಉತ್ತರ 'ಇಲ್ಲ' ಎಂದು ಬಂದರೆ? ಇಲಾಖೆಯ ದೊಡ್ಡತನ ಕಾಣುವುದು ಅಲ್ಲೇ. ಬರೀ ಇಲ್ಲವೆಂದು ಬರೆದು ಬಿಟ್ಟರೆ ಊರಿನ ಮನಸ್ಸಿಗೆ ನೋವಾಗುತ್ತದೆ. ಹಾಗಾಗಿ 2011ರ ಗಣತಿಯಲ್ಲಿ, ಇಲ್ಲದ ಸೌಲಭ್ಯದ ಜಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ಕೂರಿಸಿದರು. ಆ ಸೌಲಭ್ಯ ಐದು ಕಿಲೋಮೀಟರಿನೊಳಗೆ ಎಲ್ಲಾದರೂ ಇದ್ದರೆ 'ಎ', ಐದರಿಂದ ಹತ್ತರೊಳಗಿದ್ದರೆ 'ಬಿ', ಹತ್ತು ದಾಟಿದರೆ 'ಸಿ'. ಅಂದರೆ ಬಸ್ಸಿಲ್ಲದ ಊರು ಎಂಬುದು ಭಾರತದಲ್ಲಿ ಇಲ್ಲವೇ ಇಲ್ಲ. 'ಎ' ಊರು, 'ಬಿ' ಊರು, 'ಸಿ' ಊರು ಅಷ್ಟೇ. ನಾಲ್ಕೂವರೆ ಕಿಲೋಮೀಟರು ಎರೆಮಣ್ಣಿನಲ್ಲಿ ಕಾಲು ಕಿತ್ತಿಡುತ್ತ ಬಂದು ಬಸ್ಸು ಹಿಡಿಯುವ ಮಂಡಿನೋವಿನ ಮುದುಕಿಗೆ ತನ್ನೂರು 'ಎ' ದರ್ಜೆಯದೆಂದು ತಿಳಿದರೆ ಅದೆಷ್ಟು ಹಿಗ್ಗಾದೀತು! ಬ್ಯಾಂಕಿಗೆ 'ಬಿ', ಕಾಲೇಜಿಗೆ 'ಸಿ', ಆಸ್ಪತ್ರೆಗೆ 'ಸಿ' ಬಂದಿರುವ ಊರಿನ ಹಿರಿಯರು ಮಕ್ಕಳ ಅಂಕಪಟ್ಟಿ ನೋಡಿ ಬೈಯುವುದಕ್ಕೆ ಮಾತ್ರ ಇನ್ನು ಮುಖವಿಲ್ಲ.

ಅಂಥದೊಂದು ಊರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ 150ಎ ಹೆದ್ದಾರಿ ಬಿಟ್ಟು ಪಕ್ಕಕ್ಕಿಳಿದರೆ, ಕುರುಗೋಡಿನ ಗುಡ್ಡಗಳು ಮಬ್ಬಾಗಿ ಕಾಣುವ ದೂರದಲ್ಲಿ, ಭತ್ತದ ಗದ್ದೆಗೂ ಮೆಣಸಿನಕಾಯಿ ಹೊಲಕ್ಕೂ ನಡುವೆ ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಆಚೀಚಿನ ಹತ್ತು ಊರಿನವರು, "ನಮ್ದೂ ಹಂಗಾ ಐತಲ್ರೀ, ಬರೇ ಅವ್ರ ಊರ ಹೆಸರು ಯಾಕ ಬರದ್ರಿ?" ಎಂದು ಜಗಳಕ್ಕೆ ಬರುತ್ತಾರೆ. ಹಾಗೆ ಬರುವುದಕ್ಕೆ ಅವರಿಗೆ ಬಸ್ಸಿಲ್ಲ ಎಂಬುದೊಂದೇ ನನ್ನ ಧೈರ್ಯ.

ಈ ಊರಿಗೆ ಮೂರು ರಾಜಧಾನಿಗಳು. ಗೊಬ್ಬರ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ರಿಪೇರಿ, ಮದುವೆ ಜವಳಿಗೆ ಸಿರುಗುಪ್ಪ. ಪಹಣಿ, ತಕರಾರು, ತಹಶೀಲ್ದಾರರ ದರ್ಶನಕ್ಕೆ ಕುರುಗೋಡು. ಜಿಲ್ಲಾಧಿಕಾರಿ, ದೊಡ್ಡಾಸ್ಪತ್ರೆ, ಕೋರ್ಟು, ಜೀನ್ಸ್ ಹೊಲಿಯುವ ಕೆಲಸಕ್ಕೆ ಬಳ್ಳಾರಿ. ಮೂರರಲ್ಲಿ ಯಾವುದಕ್ಕೂ ಸಲೀಸಾಗಿ ಹೋಗಲಾಗದಂತೆ ಊರು ತನ್ನ ಅಲಿಪ್ತ ನೀತಿಯನ್ನು ಕಾಪಾಡಿಕೊಂಡಿದೆ. ಊರು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಬಳ್ಳಾರಿಗೆ ಇಷ್ಟು, ಸಿರುಗುಪ್ಪಕ್ಕೆ ಇಷ್ಟು, ಕುರುಗೋಡಿಗೆ ಇಷ್ಟು ಕಿಲೋಮೀಟರು ಎನ್ನುತ್ತಾರೆ. ಅದು ಎಲ್ಲೆಲ್ಲಿ ಇಲ್ಲವೋ ಅದನ್ನೆಲ್ಲ ಹೇಳಿದರೆ ಉಳಿದ ಜಾಗದಲ್ಲಿ ಊರು ಇರುತ್ತದೆ.

ವಿಳಾಸವೂ ಒಂದು ಕಡೆ ನಿಂತಿಲ್ಲ. ಊರು ಒಂದು ಗೇಣೂ ಕದಲಿಲ್ಲ. ಅದರ ಸುತ್ತ ಸರ್ಕಾರಗಳು ಓಡಾಡಿವೆ. 1953ರ ಸೆಪ್ಟೆಂಬರ್ 30ರವರೆಗೆ ಮದ್ರಾಸು, ಮಾರನೆಯ ಬೆಳಗಿನಿಂದ ಮೈಸೂರು. 2011ರ ಗಣತಿಯ ಬಳ್ಳಾರಿ ಜಿಲ್ಲೆಯಲ್ಲಿ 24,52,595 ಜನ. 2021ರಲ್ಲಿ ಅದೇ ಜಿಲ್ಲೆಯನ್ನು ಸೀಳಿ ವಿಜಯನಗರ ಜಿಲ್ಲೆ ಮಾಡಿದರು. ಕುರುಗೋಡು ತಾಲ್ಲೂಕಂತೂ ಆ ಗಣತಿಯ ಪುಸ್ತಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಅಲ್ಲಿ ಅದು ಬಳ್ಳಾರಿ ತಾಲ್ಲೂಕಿನ ಹೊಟ್ಟೆಯಲ್ಲೇ ಇದೆ. ಆದ್ದರಿಂದ ಬಸ್ಸು ಬೇಕೆಂದು ಅರ್ಜಿ ಕೊಡಲು ಹೋದವನಿಗೆ ಮೊದಲ ಪ್ರಶ್ನೆ: "ನಿಮ್ಮೂರು ಯಾವ ತಾಲ್ಲೂಕಿಗೆ ಬರ್ತತಿ?" ಈಗಿನ ತಾಲ್ಲೂಕಿನ ಹೆಸರು ಹೇಳಿದರೆ ಅಂಕಿಅಂಶವಿಲ್ಲ, ಅಂಕಿಅಂಶವಿರುವ ತಾಲ್ಲೂಕಿನ ಹೆಸರು ಹೇಳಿದರೆ ಅಧಿಕಾರವಿಲ್ಲ. ಅರ್ಜಿ ಮಾತ್ರ ತಾಲ್ಲೂಕಿಂದ ತಾಲ್ಲೂಕಿಗೆ ಸರಾಗವಾಗಿ ಹೋಗಿಬರುತ್ತದೆ. ಈ ಭಾಗದಲ್ಲಿ ನಿಯಮಿತ ಸಂಚಾರವಿರುವುದು ಅದಕ್ಕೊಂದಕ್ಕೇ.

ಬಸ್ಸೇ ಇಲ್ಲವೆಂದರೆ ಸುಳ್ಳಾದೀತು. ಬೆಳಿಗ್ಗೆ ಒಂದು ಬರುತ್ತದೆ. ಬಂದರೂ ಬರುತ್ತದೆ, ಅನ್ನಬೇಕು. ಮಳೆ ಬಂದರೆ ಬರುವುದಿಲ್ಲ, ಜಾತ್ರೆ ಬಂದರೆ ಬರುವುದಿಲ್ಲ, ಸಚಿವರು ಬಂದರೆ ಬರುವುದಿಲ್ಲ. ಜಾತ್ರೆಗೆ ವಿಶೇಷ ಬಸ್ಸು, ಸಮಾವೇಶಕ್ಕೆ ವಿಶೇಷ ಬಸ್ಸು. ಆ ವಿಶೇಷಗಳನ್ನೆಲ್ಲ ಹೆರುವುದು ಇಂಥ ಊರುಗಳ ಸಾಮಾನ್ಯ ಬಸ್ಸುಗಳೇ. ಬಂದ ದಿನವಾದರೂ ಎಂಥ ಹೊತ್ತಿಗೆ? ಕಾಲೇಜಿನ ಮೊದಲ ಪಿರಿಯಡ್ ಮುಗಿಯುವಷ್ಟು ತಡವಾಗಿ, ರೇಷನ್ ಅಂಗಡಿ ತೆರೆಯುವುದಕ್ಕಿಂತ ಬೇಗನೆ. ಸಂಜೆ ವಾಪಸು ಬರುವ ಬಸ್ಸು ಊರಿನ ಕ್ರಾಸಿನಲ್ಲೇ ಇಳಿಸಿ, "ಒಳಗ ಹೋದ್ರ ತಿರುವಾಕ ಜಾಗ ಇಲ್ಲ" ಎನ್ನುತ್ತದೆ. ಹಾಗಾಗಿ ನಾಲ್ಕು ರಸ್ತೆ ಸೇರದಿದ್ದರೂ ಇಲ್ಲಿ ಪ್ರತಿ ಊರಿಗೂ ಒಂದು ಕ್ರಾಸು ಇದೆ. ಬಸ್ಸಿನ ಉತ್ಸಾಹ ಎಲ್ಲಿ ಮುಗಿಯುತ್ತದೋ ಅದೇ ಕ್ರಾಸು.

ಬಸ್ಸಿಲ್ಲದಿದ್ದರೇನು, ತಂಗುದಾಣ ಉಂಟು. ಶಾಸಕರ ನಿಧಿಯದೊಂದು, ಸಂಸದರ ನಿಧಿಯದೊಂದು. ಊರಿನ ಹೆಸರು ಒಂದಡಿ ಅಕ್ಷರದಲ್ಲಿದ್ದರೆ ದಾನಿಗಳ ಹೆಸರು ಮೂರಡಿ. ಪ್ರಯಾಣಿಕರ ತಂಗುದಾಣ ಎಂಬ ಹೆಸರಿಗೆ ಅದು ಮೋಸ ಮಾಡಿಲ್ಲ. ಪ್ರಯಾಣಿಕರು ಅಲ್ಲಿ ತಂಗುತ್ತಾರೆ. ಪ್ರಯಾಣದ ಭರವಸೆಯನ್ನು ಕಟ್ಟಡ ಯಾವತ್ತೂ ಕೊಟ್ಟಿರಲಿಲ್ಲ. ಸಿರುಗುಪ್ಪ, ಕುರುಗೋಡಿನ ಕಾಲೇಜು ಹುಡುಗರು ಬಸ್ಸು ಬೇಕೆಂದು ಬಸ್ಸುಗಳನ್ನು ತಡೆದು ಧರಣಿ ಕೂರುವ ಫೋಟೊಗಳು ಜಿಲ್ಲಾ ಪುಟದಲ್ಲಿ ಬರುತ್ತಿರುತ್ತವೆ. ನೋಡಿ ಈ ಊರಿನ ಹುಡುಗರಿಗೂ ಒಮ್ಮೆ ಹುಮ್ಮಸ್ಸು ಬಂತು. ಬೆಳಿಗ್ಗೆಯಿಂದ ರಸ್ತೆಯಲ್ಲಿ ಕೂತರು. ತಡೆಯಲು ಬಸ್ಸೇ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭತ್ತದ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು, ಧರಣಿ ಮುಗಿಯಿತು.

ಲಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಸೀಮೆಯಲ್ಲಿ ಸಾರಿಗೆ ಇಲ್ಲವೆಂದು ಭತ್ತ ಯಾವತ್ತೂ ದೂರಿಲ್ಲ. ಸಿರುಗುಪ್ಪದ ಸೋನಾ ಮಸೂರಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹತ್ತನೇ ಮಹಡಿಯವರೆಗೂ ಹತ್ತುತ್ತದೆ. ಕುರುಗೋಡಿನ ಮೆಣಸಿನಕಾಯಿ ರಾತ್ರೋರಾತ್ರಿ ಹೊರಟು ಬೆಳಗಾಗುವುದರೊಳಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಕೂತಿರುತ್ತದೆ. ಬೆಳೆದವನ ಮಗಳು ಪಿಯುಸಿಗೆ ಸೇರಲು ಮೂವತ್ತು ಕಿಲೋಮೀಟರು ದಾಟಲಾರದೆ ಮನೆಯಲ್ಲಿ ಉಳಿಯುತ್ತಾಳೆ. ಮೆಣಸಿನಕಾಯಿಗೆ ಇರುವ ಸ್ವಾತಂತ್ರ್ಯ ಹೆಣ್ಣುಮಗಳಿಗೆ ಬರುವುದಕ್ಕೆ ಇನ್ನೆಷ್ಟು ಪಂಚವಾರ್ಷಿಕ ಯೋಜನೆಗಳು ಬೇಕಿದ್ದವೋ! ಅಷ್ಟರಲ್ಲಿ ಪಂಚವಾರ್ಷಿಕ ಯೋಜನೆಗಳನ್ನೇ ನಿಲ್ಲಿಸಿಬಿಟ್ಟರು. ರಸ್ತೆ ಹಾಳಾಗುವುದು ಲಾರಿಯಿಂದಲೇ ಎನ್ನುವುದೂ ಪೂರ್ತಿ ನ್ಯಾಯವಲ್ಲ. ಕೆಳಗೆ ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪಕ್ಕದಲ್ಲಿ ತುಂಗಭದ್ರಾ ಕಾಲುವೆಯ ಜಿನುಗು, ಮೇಲೆ ಭಾರ ಮೀರಿದ ಲಾರಿ. ಮೂರೂ ಕೂಡಿ ಕೆಲಸ ಮಾಡಿದರೆ ಹೊಸ ಡಾಂಬರು ಮುಂದಿನ ಟೆಂಡರಿನ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತದೆ. ಗುತ್ತಿಗೆದಾರರಿಗೆ ಪ್ರಕೃತಿಯ ಮೇಲೆ ಇಷ್ಟು ಭಕ್ತಿ ಇರುವುದು ಸುಮ್ಮನೆ ಅಲ್ಲ.

ಇನ್ನು ತಲೆಗಳ ಲೆಕ್ಕಕ್ಕೆ ಬರೋಣ. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲುಸೀಮೆಯಲ್ಲಿ 500 ಜನರಿರುವ ವಸತಿಗೆ ರಸ್ತೆ. ಗುಡ್ಡಗಾಡು, ಮರುಭೂಮಿ, ಬುಡಕಟ್ಟು ಪ್ರದೇಶವಾದರೆ 250 ಸಾಕು. 2024ರ ಸೆಪ್ಟೆಂಬರಿನಲ್ಲಿ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. 70,125 ಕೋಟಿ ರೂಪಾಯಿ, 62,500 ಕಿಲೋಮೀಟರ್, 25,000 ವಸತಿಗಳು. ಬಯಲಿನಲ್ಲಿ ಅದೇ 500, ಅದೂ 2011ರ ಗಣತಿಯ ಪ್ರಕಾರ. ಒಳ್ಳೆಯ ಯೋಜನೆ, ಅದರ ದೆಸೆಯಿಂದ ಸಾವಿರಾರು ಊರು ಕೆಸರಿನಿಂದ ಮೇಲೆದ್ದಿವೆ. ಅದನ್ನು ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಆದರೆ 499 ಜನರಿರುವ ವಸತಿಯೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಗಣತಿಯ ರಾತ್ರಿ ಹೆರಿಗೆಗೆಂದು ತವರಿಗೆ ಹೋದ ಸೊಸೆಯೊಬ್ಬಳು ರಸ್ತೆಯನ್ನು ತನ್ನ ಜೊತೆಗೇ ತೆಗೆದುಕೊಂಡು ಹೋಗಿರುತ್ತಾಳೆ. ಯೋಜನೆಯ ಮಾರ್ಗಸೂಚಿ ದಯೆಯಿಲ್ಲದ್ದಲ್ಲ. ಅರ್ಧ ಕಿಲೋಮೀಟರಿನೊಳಗಿನ ವಸತಿಗಳ ಜನರನ್ನೆಲ್ಲ ಒಟ್ಟು ಕೂಡಿಸಬಹುದು ಎನ್ನುತ್ತದೆ. ಆರುನೂರು ಮೀಟರು ಆಚೆಗಿನ ದೊಡ್ಡಿಯವರನ್ನು ನೂರು ಮೀಟರು ಈಚೆಗೆ ಬಂದು ಮಲಗಿ ಎಂದು ಬೇಡಿಕೊಳ್ಳುವುದೊಂದೇ ಉಳಿದ ದಾರಿ.

ಗಡಿಯಾಚೆ ಆದೋನಿ ಕಡೆಯವರಿಗೆ ಈ ತಲೆಲೆಕ್ಕದಲ್ಲಿ ನಮಗಿಂತ ಅನುಕೂಲವಿದೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದು ಎಂಬ ಹಳೆಯ ಕಾನೂನನ್ನು ಆಂಧ್ರದವರು 2024ರಲ್ಲಿ ತೆಗೆದುಹಾಕಿದರು. ಹೆಚ್ಚು ಮಕ್ಕಳನ್ನು ಹೆರಿ ಎಂದು ಅಲ್ಲಿನ ಮುಖ್ಯಮಂತ್ರಿಗಳೇ ಕರೆ ಕೊಡುತ್ತಿದ್ದಾರೆ. ಜನ ಕಡಿಮೆಯಾದರೆ ಲೋಕಸಭೆಯಲ್ಲಿ ಸೀಟು ಕಡಿಮೆಯಾಗುತ್ತದೆ ಎಂದು ದಕ್ಷಿಣದ ರಾಜ್ಯಗಳೆಲ್ಲ ಈಗ ಬೆವರುತ್ತಿವೆ. ಕುಟುಂಬ ಯೋಜನೆ ಪಾಲಿಸಿದ್ದಕ್ಕೆ ಶಿಕ್ಷೆಯೇ ಎಂದು ದೆಹಲಿಯನ್ನು ಕೇಳುತ್ತಿವೆ. ಬಲು ನ್ಯಾಯವಾದ ಪ್ರಶ್ನೆ. 499ರ ಊರು ಇದನ್ನೇ ಕಾಲು ಶತಮಾನದಿಂದ ಕೇಳುತ್ತಿತ್ತು. ಅದರ ದನಿ ದೂರ ಹೋಗಲಿಲ್ಲ, ರಸ್ತೆ ಇರಲಿಲ್ಲ ನೋಡಿ.

ಸರ್ವಋತು ರಸ್ತೆ ಎಂದರೇನು ಎನ್ನುವುದನ್ನೂ ಸಡಕ್ ಯೋಜನೆಯ ಮಾರ್ಗಸೂಚಿ ಬಿಡಿಸಿ ಹೇಳಿದೆ. ಎಲ್ಲ ಋತುವಿನಲ್ಲೂ ಓಡಾಡಲು ಬರಬೇಕು, ನೀರು ಹರಿದುಹೋಗಲು ಮೋರಿ, ಸೇತುವೆ ಇರಬೇಕು. ಡಾಂಬರು ಇರಲೇಬೇಕೆಂದಿಲ್ಲ. ನಿಗದಿ ಮಾಡಿದಷ್ಟು ಸಲ, ನಿಗದಿ ಮಾಡಿದಷ್ಟು ಹೊತ್ತು ಸಂಚಾರ ನಿಂತರೂ ಅದು ಸರ್ವಋತುವೇ. ಎಷ್ಟು ಉದಾರವಾದ ವ್ಯಾಖ್ಯಾನ! ಇದೇ ಅಳತೆಯನ್ನು ಸಂಬಳಕ್ಕೂ ಹಚ್ಚಿ, ವರ್ಷದಲ್ಲಿ ನಿಗದಿಯಾದಷ್ಟು ತಿಂಗಳು ಬಾರದಿದ್ದರೂ ಅದು ಸರ್ವಋತು ಸಂಬಳ ಎಂದು ವ್ಯಾಖ್ಯಾನ ಬರೆದವರಿಗೆ ಹೇಳಿ ನೋಡಬೇಕು. ಹಗರಿ ಹೊಳೆ ಬಂದಾಗ, ತುಂಗಭದ್ರೆಗೆ ಡ್ಯಾಮಿನಿಂದ ನೀರು ಬಿಟ್ಟಾಗ ನದಿಯಂಚಿನ ಊರುಗಳು ನಡುಗಡ್ಡೆಯಾಗುತ್ತವೆ. ಆಗ ಗಣತಿಯವರ 'ಜಲಮಾರ್ಗ' ಎಂಬ ಕಲಂ ನೆನಪಾಗಬೇಕು. ಹರಿಗೋಲು ಇದೆ, ನೀರೂ ಇದೆ. ವರ್ಷಕ್ಕೆ ನಾಲ್ಕು ದಿನವಾದರೂ ನಾವು ಬಂದರು ಪಟ್ಟಣ.

ಕರ್ನಾಟಕದಲ್ಲಿ ಡಾಂಬರು ಬಹುಪಾಲು ಊರು ಮುಟ್ಟಿದೆ, ಸರಿ. ಆದರೆ ಆ ಡಾಂಬರಿನ ಮೇಲೆ ಬಸ್ಸು ಬರಬೇಕೆಂದು ರಸ್ತೆಯ ಯೋಜನೆಯಲ್ಲಿ ಎಲ್ಲೂ ಬರೆದಿಲ್ಲ. ರಸ್ತೆ ಒಂದು ಇಲಾಖೆ, ಬಸ್ಸು ಇನ್ನೊಂದು ಇಲಾಖೆ, ಜನ ಮೂರನೆಯದು. ಸಾರಿಗೆ ಸಂಸ್ಥೆಗಳ ಲೆಕ್ಕದ ಪುಸ್ತಕದಲ್ಲಿ ಮಾರ್ಗಗಳಿಗೂ ಮೂರು ಜಾತಿ: ಎಲ್ಲ ಖರ್ಚು ಕಳೆದು ಲಾಭ ತರುವುದು, ಓಡಿಸಿದ ಖರ್ಚನ್ನಾದರೂ ಹುಟ್ಟಿಸುವುದು, ಡೀಸೆಲ್ಲಿನ ದುಡ್ಡನ್ನೂ ಹುಟ್ಟಿಸದ್ದು. ನಮ್ಮ ಊರು ಯಾವ ಜಾತಿಯೆಂದು ಹೇಳಬೇಕಾಗಿಲ್ಲ. ಜನ ಹತ್ತುವುದಿಲ್ಲ ಎಂದು ಟ್ರಿಪ್ಪು ಕಡಿಮೆ ಮಾಡುತ್ತಾರೆ. ಟ್ರಿಪ್ಪು ಕಡಿಮೆಯಾಯಿತೆಂದು ಜನ ಬೈಕು ಕೊಳ್ಳುತ್ತಾರೆ. ಜನ ಬೈಕು ಕೊಂಡರೆಂದು ಉಳಿದ ಟ್ರಿಪ್ಪನ್ನೂ ನಿಲ್ಲಿಸುತ್ತಾರೆ. ಬೈಕಿಲ್ಲದವರು ಯಾರು ಎಂಬ ಕಲಂ ಯಾವ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ ಅಲ್ಲಿ ಬರೀ ಮುದುಕರು, ಹೆಂಗಸರು, ಓದುವ ಮಕ್ಕಳು ಸಿಗುತ್ತಿದ್ದರು.

ಹೆಂಗಸರಿಗೆ 'ಶಕ್ತಿ' ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ. 2025ರ ಜುಲೈ 14ಕ್ಕೆ 500 ಕೋಟಿ ಟಿಕೆಟ್ಟು ಮುಟ್ಟಿತೆಂದು ಮುಖ್ಯಮಂತ್ರಿಗಳೇ ಹರಿದು ಕೊಟ್ಟರು. ಮನೆಗೆಲಸದ, ಗಾರ್ಮೆಂಟಿನ ಹೆಣ್ಣುಮಕ್ಕಳ ಕೈಯಲ್ಲಿ ಅದರಿಂದ ನಾಲ್ಕು ಕಾಸು ಉಳಿದದ್ದು ಕಣ್ಣಿಗೆ ಕಾಣುವ ಸತ್ಯ. ಆದರೆ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿಯುವುದಕ್ಕೂ ಒಬ್ಬ ಕಂಡಕ್ಟರು ಬೇಕು, ಅವನು ನಿಲ್ಲುವುದಕ್ಕೆ ಒಂದು ಬಸ್ಸು ಬೇಕು. ಈ ಊರಿನ ಹೆಂಗಸರು ಉಚಿತ ಪ್ರಯಾಣಕ್ಕೆ ಹೋಗಬೇಕಾದರೆ ಕ್ರಾಸಿನವರೆಗೆ ಟಂಟಂ ಆಟೊಗೆ ಇಪ್ಪತ್ತು ರೂಪಾಯಿ ಕೊಡಬೇಕು. ಸರ್ಕಾರ ತನ್ನ ಪಾಲನ್ನು ಪೂರ್ತಿ ಮನ್ನಾ ಮಾಡಿದೆ. ಟಂಟಂನವನು ಇನ್ನೂ ಗ್ಯಾರಂಟಿ ಯೋಜನೆಗೆ ಸೇರಿಲ್ಲ.

ಟಂಟಂನವನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈ ಸೀಮೆಯ ನಿಜವಾದ ಸಾರಿಗೆ ಮಂತ್ರಿ ಅವನೇ. ಕಾಗದದ ಪ್ರಕಾರ ಅವನದು ಮೂರು ಜನ ಕೂರುವ ಗಾಡಿ. ಒಳಗೆ ಹನ್ನೊಂದು, ಡ್ರೈವರಿನ ಎರಡೂ ಪಕ್ಕ ಒಬ್ಬೊಬ್ಬರು, ಹಿಂದೆ ಕಂಬಿ ಹಿಡಿದು ಮೂವರು, ನಡುವೆ ಎರಡು ಮೇಕೆ, ಒಂದು ಗ್ಯಾಸ್ ಸಿಲಿಂಡರು. ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದರೆ, ತುಂಬಿದಾಗ. ತುಂಬಿತೆಂದರೆ ಏನೆಂದು ನಿರ್ಧರಿಸುವ ಪರಮಾಧಿಕಾರ ಅವನದು. ಕಿಲೋಮೀಟರಿಗೆ ಗಳಿಕೆಯೆಷ್ಟು, ಖರ್ಚೆಷ್ಟು ಎಂಬ ಇಪಿಕೆಎಂ, ಸಿಪಿಕೆಎಂ ಲೆಕ್ಕವಿಲ್ಲದೆ, ಸಬ್ಸಿಡಿಯಿಲ್ಲದೆ, ನಿಗಮ-ಮಂಡಳಿಗೆ ಅಧ್ಯಕ್ಷರಿಲ್ಲದೆ ಅವನು ಲಾಭದಲ್ಲಿದ್ದಾನೆ. ಡಿಪೊ ಮೂರು ತಿಂಗಳು ಸರ್ವೆ ಮಾಡಿ 'ಪ್ರಯಾಣಿಕರಿಲ್ಲ' ಎಂದು ಬರೆದ ಹಾದಿಯಲ್ಲಿ ಅವನಿಗೆ ದಿನವೂ ಜಾಗ ಸಾಲದು. ಯಾರ ಮನೆಗೆ ನೆಂಟರು ಬಂದರು, ಯಾರ ಮಗಳಿಗೆ ಎಂಟು ತಿಂಗಳು, ಯಾರು ಬೆಂಗಳೂರಿಗೆ ಕಾಂಕ್ರೀಟು ಕೆಲಸಕ್ಕೆ ಹೋದರು, ಯಾರು ಹಬ್ಬಕ್ಕೂ ಬರಲಿಲ್ಲ, ಎಲ್ಲವೂ ಅವನಿಗೆ ಗೊತ್ತು. ನೂರಾ ಎಂಟರ ಆಂಬ್ಯುಲೆನ್ಸಿಗೆ ಊರಿನ ಗುರುತು ಹೇಳಿ ಮುಗಿಯುವುದರೊಳಗೆ ಹೆರಿಗೆ ನೋವಿನವಳನ್ನು ಹೆದ್ದಾರಿಗೆ ಮುಟ್ಟಿಸಿರುತ್ತಾನೆ. ಪೊಲೀಸರು ಮೂರಕ್ಕಿಂತ ಹೆಚ್ಚು ಜನ ಹಾಕಿದ್ದಕ್ಕೆ ದಂಡ ಹಾಕುತ್ತಾರೆ. ಹಾಕಲೇಬೇಕು, ಕಾನೂನು. ಅವನೊಬ್ಬ ಮುಷ್ಕರ ಹೂಡಿದರೆ ಮೂರು ಪಂಚಾಯಿತಿ ಸ್ತಬ್ಧವಾಗುತ್ತವೆ ಎಂಬುದು ಮಾತ್ರ ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ.

ಗಂಡು ಹುಡುಗರ ಸ್ಥಿತಿಯನ್ನು ಹೇಳದಿರುವುದೇ ವಾಸಿ. ಹೆಣ್ಣು ನೋಡಲು ಹೋದರೆ ಹೊಲ ಎಷ್ಟು, ನೀರಾವರಿ ಎಷ್ಟು ಎಂದು ಕೇಳುವ ಕಾಲ ಹೋಯಿತು. "ನಿಮ್ಮೂರಿಗೆ ಬಸ್ಸ ಬರ್ತಾವೇನು?" ಎನ್ನುತ್ತಾರೆ. ಬಸ್ಸಿಲ್ಲದ್ದಕ್ಕೆ ಮದುವೆಯಿಲ್ಲ, ಮದುವೆಯಿಲ್ಲದ್ದಕ್ಕೆ ಮಕ್ಕಳಿಲ್ಲ, ಮಕ್ಕಳಿಲ್ಲದ್ದಕ್ಕೆ ಶಾಲೆ ವಿಲೀನ, ಶಾಲೆಯಿಲ್ಲವೆಂದು ಇದ್ದ ನಾಲ್ಕು ಮನೆಯವರು ಬಳ್ಳಾರಿಗೆ. ಕಂದಾಯ ಇಲಾಖೆಯಲ್ಲಿ 'ಬೇಚರಾಕ್ ಗ್ರಾಮ' ಎಂದೊಂದು ವರ್ಗವಿದೆ. ನಕಾಶೆಯಲ್ಲಿ ಊರುಂಟು, ಜನರಿಲ್ಲ. ಅಂಥ ಊರಿಗೆ ಗಣತಿಯಲ್ಲಿ ಸಂಖ್ಯೆಯೂ ಉಂಟು, ಪಹಣಿಯೂ ಉಂಟು. ಜನರಿಂದ ತಕರಾರು ಬಾರದ ಊರೆಂದರೆ ಅದೇ. ನಮ್ಮ ಹಳ್ಳಿಗಳನ್ನೆಲ್ಲ ಆ ಮಟ್ಟಕ್ಕೆ ಏರಿಸುವುದೇ ಗುರಿಯಾಗಿದ್ದರೆ ಕೆಲಸ ಚೆನ್ನಾಗಿಯೇ ನಡೆದಿದೆ.

ಇದಕ್ಕೆ ತದ್ವಿರುದ್ಧ ತಮಾಷೆ ಸಿರುಗುಪ್ಪದ ಕ್ಯಾಂಪುಗಳದು. ತುಂಗಭದ್ರೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದವರು ಕಾಲುವೆಯ ಪಕ್ಕದಲ್ಲಿ ಗುಡಿಸಲು ಹಾಕಿದರು. ಅದು ಕ್ಯಾಂಪಾಯಿತು, ಕ್ಯಾಂಪಿನಲ್ಲಿ ಮೂರು ತಲೆಮಾರು ಹುಟ್ಟಿ ಬೆಳೆಯಿತು. ಜನರಿದ್ದರು, ಊರಿರಲಿಲ್ಲ. ತಾಂಡಾ, ಹಟ್ಟಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡುವ ಕಾನೂನು ಬರುವಷ್ಟರಲ್ಲಿ ಮೊದಲು ಬಂದವರ ಮೊಮ್ಮಕ್ಕಳಿಗೆ ಮಂಡಿನೋವು ಶುರುವಾಗಿತ್ತು. ಒಂದು ಕಡೆ ಜನರಿಲ್ಲದ ಊರಿಗೆ ದಾಖಲೆ, ಇನ್ನೊಂದು ಕಡೆ ದಾಖಲೆಯಿಲ್ಲದ ಜನ. ಎರಡನ್ನೂ ಅದಲುಬದಲು ಮಾಡಿದ್ದರೆ ಆಗುತ್ತಿತ್ತು. ಸ್ಥಳಾಂತರಕ್ಕೆ ಬಸ್ಸು ಬೇಕಾಗುತ್ತಿತ್ತು, ಅದೊಂದೇ ತೊಡಕು.

ಜಿಲ್ಲೆಗೆ ಸಾರಿಗೆಯ ದಾರಿದ್ರ್ಯವಿದೆ ಎಂದು ಮಾತ್ರ ಯಾರೂ ಹೇಳಬಾರದು. ಗಣಿ ಭರಾಟೆಯ ದಿನಗಳಲ್ಲಿ ಬಳ್ಳಾರಿಯ ಮೇಲೆ ಹೆಲಿಕಾಪ್ಟರು ಹಾರಾಡಿದ್ದನ್ನು ದೇಶವೇ ನೋಡಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕ 'ಉಡಾನ್' ಹೆಸರಿನಲ್ಲಿ 2017ರಲ್ಲಿ ವಿಮಾನ ಇಳಿಯಿತು. ಬಳ್ಳಾರಿಯ ಹತ್ತಿರ ಚಾಗನೂರು, ಸಿರಿವಾರದ ನೀರಾವರಿ ಭೂಮಿಯಲ್ಲಿ ಇನ್ನೊಂದು ವಿಮಾನ ನಿಲ್ದಾಣವಾಗಬೇಕೆಂದು ರೈತರು ಬೇಡವೆಂದರೂ ಬಿಡದೆ ನೂರಾರು ಎಕರೆ ಹಿಡಿದರು. ಅಲ್ಲಿಗೆ ವಿಮಾನ ಬರಲಿಲ್ಲ. ಹವಾಯಿ ಚಪ್ಪಲಿ ತೊಟ್ಟವನೂ ವಿಮಾನ ಹತ್ತಬೇಕೆಂಬುದು ಉಡಾನ್‌ನ ಕನಸು. ಬಹಳ ಒಳ್ಳೆಯದು. ಹವಾಯಿ ಚಪ್ಪಲಿಯವನು ವಿಮಾನ ನಿಲ್ದಾಣದವರೆಗೆ ಆ ಚಪ್ಪಲಿಯಲ್ಲೇ ನಡೆದು ಬರಬೇಕು, ಅಷ್ಟೇ. ಸಿರುಗುಪ್ಪಕ್ಕೆ ರೈಲಿಲ್ಲ ಎಂಬ ಹಳೆಯ ಗೋಳನ್ನು ಎತ್ತುವುದಿಲ್ಲ. ರೈಲಿನ ವಿಷಯದಲ್ಲಿ ಇಡೀ ತಾಲ್ಲೂಕೇ ಸಮಾನತೆಯಿಂದ ಬಾಳುತ್ತಿದೆ.

ನಡಿಗೆಯ ವಿಷಯದಲ್ಲಿ ನಾಯಕರು ನಮಗೆ ಮೇಲ್ಪಂಕ್ತಿ. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರು ಪಾದಯಾತ್ರೆ ನಡೆಯಿತು. ಮುಂದೆ ನಡೆದವರು ಮೂರು ವರ್ಷಕ್ಕೆ ಮುಖ್ಯಮಂತ್ರಿಯಾದರು. 2022ರ ಅಕ್ಟೋಬರಿನಲ್ಲಿ ಭಾರತ ಜೋಡೊ ಯಾತ್ರೆ ಸಾವಿರ ಕಿಲೋಮೀಟರು ಮುಟ್ಟಿದ್ದೂ ಬಳ್ಳಾರಿಯಲ್ಲೇ. ಅದಕ್ಕೊಂದು ಸಮಾವೇಶವಾಯಿತು, ಸಮಾವೇಶಕ್ಕೆ ಜನರನ್ನು ತರಲು ಬಸ್ಸುಗಳಾದವು. ನಮ್ಮ ಊರಿನ ಹುಡುಗಿಯೊಬ್ಬಳು ಪಿಯುಸಿ ಮುಗಿಸುವುದರೊಳಗೆ ಕ್ರಾಸಿಗೂ ಮನೆಗೂ ಸಾವಿರ ಕಿಲೋಮೀಟರನ್ನು ಸಲೀಸಾಗಿ ದಾಟಿರುತ್ತಾಳೆ. ಅವಳಿಗೆ ಜಾಹೀರಾತು ಇಲ್ಲ, ಕಾಲಿಗೆ ಮುಲಾಮು ಹಚ್ಚುವ ಕಾರ್ಯಕರ್ತರಿಲ್ಲ. ನಡೆದವರೆಲ್ಲ ಮುಖ್ಯಮಂತ್ರಿಯಾಗುವ ನಿಯಮವಿದ್ದಿದ್ದರೆ ಸಿರುಗುಪ್ಪ ತಾಲ್ಲೂಕೊಂದರಿಂದಲೇ ದೇಶದ ಎಲ್ಲ ರಾಜ್ಯಗಳಿಗೂ ಸರಬರಾಜು ಮಾಡಬಹುದಿತ್ತು.

ಚುನಾವಣೆ ಬಂದಾಗ ಮಾತ್ರ ದೂರಗಳೆಲ್ಲ ಕರಗುತ್ತವೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎಂಬುದು ಚುನಾವಣಾ ಆಯೋಗದ ಕಟ್ಟುನಿಟ್ಟು. ಪಾಪ, ಕಾಲು ನೋಯುತ್ತದೆ. ಹಿಂದಿನ ದಿನ ಸಂಜೆ ಮತಯಂತ್ರ ಹೊತ್ತ ಕೆಂಪು ಬಸ್ಸು ಊರಿನೊಳಗೇ ಬರುತ್ತದೆ, ಶಾಲೆಯ ಮುಂದೆ ಲೀಲಾಜಾಲವಾಗಿ ತಿರುಗುತ್ತದೆ. ತಿರುಗಿಸಲು ಜಾಗವಿಲ್ಲ ಎಂದವರ ಬಾಯಿ ಆ ಒಂದು ಸಂಜೆ ಮುಚ್ಚಿರುತ್ತದೆ. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಎದುರುಬದುರಾದಾಗ ಕಾರುಗಳ ಧೂಳಿಗೆ ಮೆಣಸಿನಗಿಡ ಕೆಂಪಾಗುವ ಮೊದಲೇ ಕೆಂಪಾಗಿದ್ದವು. ಯಂತ್ರ ಹಳ್ಳಿಯ ತನಕ ಬಂದು ಮತ ಒಯ್ದು ಹೋಗುತ್ತದೆ. ಮತ ಹಾಕಿದವನನ್ನು ಒಯ್ಯುವ ಷೆಡ್ಯೂಲ್ ಅದಕ್ಕಿಲ್ಲ.

ಹಿಂದಿನವರು ಇಷ್ಟು ಸೋಮಾರಿಗಳಾಗಿರಲಿಲ್ಲ ಎನ್ನಲು ಸಿರುಗುಪ್ಪ ತಾಲ್ಲೂಕಿನಲ್ಲೇ ಕಲ್ಲಿನ ಸಾಕ್ಷಿ ಇದೆ. ನಿಟ್ಟೂರಿನಲ್ಲೂ ಉಡೇಗೋಳದಲ್ಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. 'ಅಶೋಕ' ಎಂಬ ಹೆಸರೇ ಕಾಣುವ ಬೆರಳೆಣಿಕೆಯ ಬಂಡೆಗಳು ಇಡೀ ದೇಶದಲ್ಲಿ. ಅವುಗಳಲ್ಲಿ ಎರಡು ಇವೇ, ಇನ್ನೊಂದು ತುಂಗಭದ್ರೆಯಾಚೆಯ ಮಸ್ಕಿಯಲ್ಲಿ. ಈ ಬಗೆಯ ಶಾಸನಗಳಲ್ಲಿ ಬರುವ 256 ಎಂಬ ಅಂಕಿಯನ್ನು ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ವಿದ್ವಾಂಸರು ಬಿಡಿಸುತ್ತಾರೆ. ಪಾಟಲಿಪುತ್ರದ ಮಾತು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ, ಡಾಂಬರಿಲ್ಲದೆ, ಅನುದಾನವಿಲ್ಲದೆ, ಈ ಎರಡು ಹಳ್ಳಿಗಳಿಗೆ ಬಂದು ತಲುಪಿ ಇನ್ನೂ ಹೋಗಿಲ್ಲ. 500 ಜನ ಇದ್ದಾರೆಯೇ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಒಂದು ಅನುಮಾನ ಮಾತ್ರ ನನಗೆ ಇದ್ದೇ ಇದೆ: ಅಶೋಕನೂ ಕಳಿಸಿದ್ದು ಉಪದೇಶವನ್ನೇ, ಗಾಡಿಯನ್ನಲ್ಲ. ಹಳ್ಳಿಗೆ ಉಪದೇಶ ತಲುಪಿಸುವುದರಲ್ಲಿ ಈ ನಾಡಿಗೆ ದೀರ್ಘ ಪರಂಪರೆಯಿದೆ.

ಎಣಿಸುವುದರಲ್ಲೂ ಅಷ್ಟೇ. 1800ರಲ್ಲಿ ಕುಂಪಣಿ ಸರ್ಕಾರದ ಕೈಗೆ ಈ ಸೀಮೆ ಬಂದಾಗ ಕಲೆಕ್ಟರ್ ಮನ್ರೋ ಕುದುರೆಯೇರಿ, ಡೇರೆ ಹೊಡೆದು, ಹೊಲಹೊಲ ಅಳೆಸಿದ. 2015ರಲ್ಲಿ ರಾಜ್ಯ ಸರ್ಕಾರ ಮನೆಮನೆಗೆ ಬಂದು ಎಣಿಸಿತು. ಆ ಎಣಿಕೆ ಹಳತಾಯಿತೆಂದು 2025ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು, 60 ಪ್ರಶ್ನೆ ಕೇಳಿತು, ಕರೆಂಟ್ ಮೀಟರಿನ ಹತ್ತಿರ ಚೀಟಿ ಅಂಟಿಸಿತು. ಕೇಂದ್ರದವರು 2021ಕ್ಕೆ ಬರಬೇಕಿತ್ತು, ಬಸ್ಸಿನಂತೆಯೇ ತಡವಾದರು. ಈಗ 2027ರ ಮಾರ್ಚ್ 1ರ ನಡುರಾತ್ರಿಯ ಲೆಕ್ಕ ಹಿಡಿಯುತ್ತಾರಂತೆ. ಎಲ್ಲ ಮೊಬೈಲಿನಲ್ಲೇ, ಬೇಕಾದರೆ ನಮ್ಮನ್ನು ನಾವೇ ಎಣಿಸಿಕೊಳ್ಳಬಹುದು. ನಮ್ಮ ಬಸ್ಸನ್ನು ನಾವೇ ಓಡಿಸಿಕೊಳ್ಳುವ ಆ್ಯಪ್ ಕೂಡ ಬಂದೀತು, ಕಾಯೋಣ.

ಊರಿನ ಸೌಲಭ್ಯಗಳ ಪಟ್ಟಿ ತುಂಬಿಸುವ ಭಾರ ಮತ್ತೆ ಬೀಳುವುದು ಗ್ರಾಮ ಲೆಕ್ಕಿಗರ ಮೇಲೆ. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ. ಕೈಯಲ್ಲಿ ನಾಲ್ಕೈದು ಊರು, ತೊಡೆಯ ಮೇಲೆ ಲ್ಯಾಪ್‌ಟಾಪು, ಓಡಾಡಲು ಅವರಿಗೂ ಟಂಟಂ. ಫಾರಂ ಬರುವುದಕ್ಕೆ ಮೊದಲೇ ತಯಾರಿ ಇರಲೆಂದು ಮೊನ್ನೆ ಗಾಡಿಯಲ್ಲಿ ಇಕ್ಕಟ್ಟಾಗಿ ಕೂತವರೇ ಡ್ರೈವರನ್ನು ಕೇಳಿದರಂತೆ, ಈ ಊರಲ್ಲಿ ಒಟ್ಟು ಎಷ್ಟು ಜನರಿರಬಹುದಪ್ಪಾ ಎಂದು. ಅವನು ಗೇರು ಬದಲಿಸುತ್ತ ಕನ್ನಡಿಯಲ್ಲೊಮ್ಮೆ ನೋಡಿ ಹೇಳಿದನಂತೆ: "ಯಾವ ಲೆಕ್ಕ ಬೇಕ್ರೀ ಸಾಹೇಬ್ರ? ಒಳಗ ಕುಂತವ್ರದ್ದ ಹೇಳ್ಲಾ, ಜೋತುಬಿದ್ದವ್ರನ್ನೂ ಸೇರಿಸ್ಲಾ?"